ಇಲ್ಲದ ಮೋಟರು

ತ್ಯಾಗರಾಜನಗರದ ಒಂದು ಬೀದಿಯಲ್ಲಿ ನೆಲದಡಿ ಬಂಡೆ ಎಷ್ಟು ಆಳಕ್ಕಿದೆ ಅಂತ ನೋಡಬೇಕಿತ್ತು. ದೊಡ್ಡ ಸುತ್ತಿಗೆಯಿಂದ ನೆಲಕ್ಕೆ ಹೊಡೆಯೋದು, ಒಳಗಿಂದ ಮರಳಿ ಬರೋ ಕಂಪನವನ್ನು ರಸ್ತೆಯುದ್ದಕ್ಕೂ ನೆಟ್ಟ ಸೆನ್ಸರ್‌ಗಳಲ್ಲಿ ಹಿಡಿಯೋದು, ಇಷ್ಟೇ ಕೆಲಸ. ಆದರೆ ಪಕ್ಕದಲ್ಲಿ ಗ್ರೈಂಡರ್ ತಿರುಗಿದರೂ ಲ್ಯಾಪ್‌ಟಾಪ್ ಪರದೆಯಲ್ಲಿ ಮೂಡೋ ಚಿತ್ರ ಕೆಡುತ್ತೆ. ಮನೆಮನೆಗೂ ಹೋಗಿ ಕೇಳಿಕೊಂಡೆ, ಪಾಪ, ಎಲ್ಲರೂ ನಿಲ್ಲಿಸಿದರು. ಆದರೂ ಪರದೆಯ ಮೇಲೆ ಒಂದೇ ಸಮ ನಡುಕ. ಹಳದಿ ಗೇಟಿನ ಮನೆ ಮುಂದಿನ ಸೆನ್ಸರ್‌ನಲ್ಲಂತೂ ವಿಪರೀತ.

ಆ ಮನೆಯ ಯಜಮಾನರು ಬೆಳಗಿನಿಂದ ಗೇಟಿಗೆ ಒರಗಿ ನಮ್ಮನ್ನೇ ಗಮನಿಸುತ್ತಿದ್ದರು.

"ಸಾರ್, ನಿಮ್ಮನೇಲಿ ಮೋಟರ್ ಏನಾದ್ರೂ ಓಡ್ತಿದ್ಯಾ?"

"ಯಾವ ಮೋಟರು? ನಮ್ಮನೇಲಿ ಬೋರ್‌ವೆಲ್ಲೇ ಇಲ್ವಲ್ಲ!"

ನಾನು ಬೋರ್‌ವೆಲ್ ಮಾತೇ ಎತ್ತಿರಲಿಲ್ಲ. ಪರ್ಮಿಷನ್ ಇಲ್ಲದೆ ಕೊರೆಸಿದ್ದಿರಬೇಕು ಅನ್ನಿಸಿತು.

"ನೀವು ಯಾವ ಆಫೀಸ್ನೋರು? ಇದ್ರಲ್ಲಿ ಮನೆ ಕೆಳಗಿರೋದೆಲ್ಲ ಕಾಣತ್ತಾ?"

"ಬಂಡೆ ಒಂದೇ ಸಾರ್. ಅದೂ ಈ ನಡುಕ ನಿಂತ್ರೆ."

ಅವರು ನಂಬಲಿಲ್ಲ. ನನ್ನ ಐಡಿ ಕಾರ್ಡನ್ನು ಮೊಬೈಲಲ್ಲಿ ಫೋಟೋ ತೆಗೆದುಕೊಂಡು, "ಇರಿ, ಕಾಫಿ ತರ್ತೀನಿ" ಅಂತ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪರದೆಯ ಗೆರೆಗಳೆಲ್ಲ ತೆಪ್ಪಗಾದವು. ತಕ್ಷಣ ಸುತ್ತಿಗೆ ಹಾಕಿದೆವು. ಬಂಡೆ ಚೊಕ್ಕವಾಗಿ ಕಂಡಿತು.

ಲೋಟ ಹಿಡಿದು ಬಂದವರು ಪರದೆಯತ್ತ ಇಣುಕಿದರು.

"ಈಗ ಸರಿಹೋಯ್ತಾ? ನಮ್ಮನೇಲಿ ಮೋಟರ್ ಇಲ್ಲ ಅಂತ ಆಗ್ಲೇ ಹೇಳ್ಲಿಲ್ವಾ ನಾನು?"

ಇಲ್ಲದ ಮೋಟರನ್ನು ನಿಲ್ಲಿಸಿಕೊಟ್ಟವರಿಗೆ ಥ್ಯಾಂಕ್ಸ್ ಹೇಳೋದಾದರೂ ಹೇಗೆ? ಕಾಫಿ ತುಂಬಾ ಚೆನ್ನಾಗಿದೆ ಸಾರ್, ಅಂದೆ.