ಸುತ್ತಿಗೊಮ್ಮೆ ಒಂದು ಅಂಕಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಿತ್ತೂರಿನಲ್ಲಿ ನನ್ನ ಮೌಶಿಯ, ಅಂದರೆ ಅವ್ವನ ತಂಗಿಯ, ಗಾಯನಕ್ಕೆ ಇನ್ನು ನಾಲ್ಕೇ ದಿನವಿದ್ದಾಗ, ನೇಸರಗಿಯ ಬಸ್ಸಿನಲ್ಲಿ ಅವಳ ತಂಬೂರಿಯ ಸೋರೆಬುರುಡೆ ಒಡೆಯಿತು. ಬದಲಿ ಸಿಗಲಿಲ್ಲ. ಬೈಲಹೊಂಗಲದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು. ಧ್ವನಿ ಹುಟ್ಟಿಸಲೆಂದೇ ಇರುವ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ನಾನು ಆಗಷ್ಟೇ ಕಲಿಯುತ್ತಿದ್ದೆ. ಅದರಲ್ಲೇ ತಂಬೂರಿ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಧೈರ್ಯವೋ ಜಂಬವೋ, ಈಗ ಹೇಳಲಾರೆ.

ನಾಲ್ಕು ತಂತಿಗಳೂ ನುಡಿದವು. ಆದರೆ ಹತ್ತು ನಿಮಿಷದೊಳಗೆ ಮೌಶಿ ಹಾಡು ನಿಲ್ಲಿಸಿದಳು.

“ಸಾ ಮ್ಯಾಲೆ ಹೊಂಟದ. ನಾ ಇದರ ಹಿಂದ ಓಡ್ಲೇನು?”

ತಪ್ಪು ಹಿಡಿಯಲು, ಸ್ವರದ ಎತ್ತರ ಹೇಳುವ ಅಂಕಿಯನ್ನು ಪರದೆಯ ಮೇಲೆ ತೋರಿಸುವ ಪ್ರಿಂಟ್ ಕಮಾಂಡನ್ನು ಧ್ವನಿಯ ಲೆಕ್ಕ ಹಾಕುವ ಸಾಲಿನ ಕೆಳಗೇ ಸೇರಿಸಿದೆ. ಕಾಲೇಜಿನ ಅಭ್ಯಾಸ. ಇಲ್ಲಿ ಆ ಸಾಲು ಸೆಕೆಂಡಿಗೆ ನಲವತ್ನಾಲ್ಕು ಸಾವಿರ ಸಲ ನಡೆಯುತ್ತದೆಂಬುದು ನೆನಪಾಗಲಿಲ್ಲ. ಅಂಕಿ ಬರೆಯುವುದರಲ್ಲೇ ಕಂಪ್ಯೂಟರ್ ಸೋತು, ಧ್ವನಿ ತುಂಡುತುಂಡಾಯಿತು.

“ಏನ ಹುಡುಗಿ, ಮಿಕ್ಸರಿನ್ಯಾಗ ಖಾರಾ ರುಬ್ಬಲಿಕ್ಕೆ ಹತ್ತೀಯೇನು?”

ಹೆದರಿ ನಿಮಿಷಕ್ಕೊಮ್ಮೆ ಪ್ರಿಂಟ್ ಆಗುವಂತೆ ಮಾಡಿದೆ. ಧ್ವನಿ ಸರಿಯಾಯಿತು. ಅಂಕಿ ಮಾತ್ರ ಏರಿತ್ತು; ಒಮ್ಮೆಲೇ ಜಿಗಿದಿತ್ತೋ, ಸ್ವಲ್ಪಸ್ವಲ್ಪವಾಗಿ ಸರಿದಿತ್ತೋ ತಿಳಿಯಲಿಲ್ಲ. ಎರಡು ದಿನ ಹೀಗೇ ಕಳೆದವು. ಜನರೆದುರು ಅವಳು ಬೇಸೂರಾದರೆ ಅದು ನನ್ನಿಂದ.

“ನೀ ತಂಬೂರಿ ಹೆಂಗ ಪರೀಕ್ಷಾ ಮಾಡ್ತಿ, ಮೌಶಿ?”

“ನಾಕೂ ತಂತಿ ಮೀಟಿ ಮುಗೀಬೇಕು, ಆಮ್ಯಾಲೆ ಕಿವಿ ಕೊಡೋದು. ನಡುವ ಬಾಯಿ ಹಾಕಿದ್ರ ಏನ್ ತಿಳೀತದ?”

ಈ ಮಾತು ಅವಳದೋ, ಆಮೇಲೆ ನಾನು ಅವಳ ಬಾಯಲ್ಲಿಟ್ಟದ್ದೋ, ನೆನಪಿಲ್ಲ. ನನ್ನ ಆಗಿನ ದಿನಚರಿಯಲ್ಲಿ ‘ಸುತ್ತಿಗೊಮ್ಮೆ’ ಎಂದಷ್ಟೇ ಇದೆ. ನಾಲ್ಕು ತಂತಿ ಮೀಟಿ ಮುಗಿದಾಗ ಒಂದು ಅಂಕಿ. ಹಾಗೆ ಮಾಡಿದಾಗ ಕಂಡಿತು: ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಏರಿಕೆ. ಬೆರಳಿನ ಮೀಟು ಜೀವಂತವೆನಿಸಲೆಂದು ಸ್ವರ ಚೂರೇ ಮೇಲೇರುವ ಒನಪು ಕೊಟ್ಟಿದ್ದೆ. ಅದನ್ನು ಪ್ರತಿ ಸಲ ಮೂಲ ‘ಸಾ’ಗೆ ಕೂಡಿಸುವ ಬದಲು ಹಿಂದಿನ ಸುತ್ತಿನ ‘ಸಾ’ಗೆ ಕೂಡಿಸುತ್ತಿದ್ದೆ. ತಿದ್ದಿದೆ.

ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಟೆಂಪೋದಲ್ಲಿ ಕಿತ್ತೂರಿಗೆ ಒಯ್ದೆವು. ಪ್ರಿಂಟ್ ತೆಗೆಯಲು ಧೈರ್ಯ ಬರಲಿಲ್ಲ. ತೆಗೆದರೆ ಇನ್ನೇನು ಕೆಟ್ಟೀತೋ! ಮೌಶಿಯ ಬೆನ್ನ ಹಿಂದೆ ಪರದೆಗೆ ಕಣ್ಣು ನೆಟ್ಟು ಕುಳಿತೆ. ಒಂದು ಸುತ್ತು, ಒಂದು ಅಂಕಿ. ಅಂಕಿ ಕದಲಲಿಲ್ಲ. ಚಪ್ಪಾಳೆ ಬಿದ್ದಾಗಲೇ ಮುಗಿಯಿತೆಂದು ಗೊತ್ತಾದದ್ದು.

ಮರಳುವಾಗ ಮೌಶಿ ಕೇಳಿದಳು: “ಎರಡನೇ ರಾಗ ಹೆಂಗಾತು?”

“ಸಾ ಒಟ್ಟ ಅಲುಗಾಡ್ಲಿಲ್ಲ, ಮೌಶಿ.”

“ಅದು ನನಗೂ ಗೊತ್ತದ. ನಾ ಹಾಡಿದ್ದು ಹೆಂಗಾತು?”

ನಾನು ಕೇಳಿಯೇ ಇರಲಿಲ್ಲ.