ಎಡಗೆನ್ನೆ

ಮಗಳ ಎಡಗೆನ್ನೆ ಮತ್ತೆ ಕೆಂಪಗೆ ಊದಿತ್ತು. ಈ ಸಲ ಕಣ್ಣೂ ಮುಚ್ಚಿಹೋಗುವ ಹಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತು ಅಂದರು: "ನಿನ್ನ ತವರಿಂದ ಬಂದದ್ದು ಮಗೂಗೆ ಆಗುದಿಲ್ಲ ಮಾರಾಯ್ತಿ."

ಅವರು ಅಂದದ್ದು ಏಡಿಯ ವಿಷಯ. ಅಪ್ಪ ಭಾನುವಾರ ಬರುವಾಗಲೆಲ್ಲ ಗದ್ದೆ ಏಡಿ ತರುತ್ತಿದ್ದರು. ಮಗುವಿಗೆ ಏಡಿ ಕೊಡುವುದು ನಿಲ್ಲಿಸಿದೆ, ಮೊಟ್ಟೆ ನಿಲ್ಲಿಸಿದೆ, ಸೋಪು ಬದಲಾಯಿಸಿದೆ, ದಿಂಬಿನ ಕವರು ಕುದಿಸಿ ಒಗೆದೆ. ಸೋಮವಾರವೋ ಮಂಗಳವಾರವೋ ಕೆನ್ನೆ ಮತ್ತೆ ಉರಿಯುತ್ತಿತ್ತು. ಮಗು ಕೆರೆದುಕೊಂಡು ಅಳುತ್ತಿತ್ತು. ಅದರ ಮೇಲೆ ತವರಿನ ಸುದ್ದಿ ಬೇರೆ! ಅದನ್ನು ಮಾತ್ರ ಸಹಿಸುವವಳಲ್ಲ ನಾನು.

ವಿರಾಜಪೇಟೆಯ ಚರ್ಮದ ಡಾಕ್ಟರ ಹತ್ತಿರ ಅಪ್ಪನೇ ಜೀಪಿನಲ್ಲಿ ಕರೆದೊಯ್ದರು. ಡಾಕ್ಟರು ಮಗುವನ್ನು ನೋಡಿ ಅಪ್ಪನ ಜೊತೆ ಹೊರಗೆ ಕಳಿಸಿ, ಹಿಂದೆ ಇವಳಿಗೆ ಕಪ್ಪು ಮೆಹಂದಿ ಹಾಕಿಸಿದ್ದಿರಾ ಎಂದು ಕೇಳಿದರು. ಹೌದು, ಮೈದುನನ ಮದುವೆಯಲ್ಲಿ ಹಾಕಿಸಿದ್ದೆವು, ಕೈಯೆಲ್ಲ ಗುಳ್ಳೆ ಎದ್ದಿತ್ತು. ಕಪ್ಪಾಗಲು ಅದಕ್ಕೆ ಬೆರೆಸುವ ರಾಸಾಯನಿಕ ಕೂದಲಿನ ಡೈಯಲ್ಲೂ ಇರುತ್ತದೆ, ಒಮ್ಮೆ ಮೈಗೆ ಆಗದಿದ್ದರೆ ತಾಗಿದಾಗಲೆಲ್ಲ ಹೀಗೆ, ಮನೆಯಲ್ಲಿ ಯಾರು ಡೈ ಹಾಕುತ್ತಾರೆ ಎಂದರು. ಯಾರೂ ಇಲ್ಲ ಎನ್ನುತ್ತಾ ಬಾಗಿಲಾಚೆ ನೋಡಿದೆ. ಅಪ್ಪ ಬೆಂಚಿನಲ್ಲಿ ಕೂತು, ಮಗಳ ಊದಿದ ಕೆನ್ನೆಗೆ ಮುಖ ಒತ್ತಿ ಸಮಾಧಾನ ಮಾಡುತ್ತಿದ್ದರು. ತಲೆ ಬೋಳು. ಮೀಸೆ ಮಾತ್ರ ಕಡುಕಪ್ಪು.

ಓಡಿಹೋಗಿ ಮಗುವನ್ನು ಕಿತ್ತುಕೊಂಡೆ. ಅಪ್ಪ ಬೆಚ್ಚಿಬಿದ್ದರು.

ಜೀಪಿನಲ್ಲಿ ಅಪ್ಪನಿಗೆ ಹೇಳಿದೆ. ಮೊಮ್ಮಗಳಿಗೆ ಅಜ್ಜ ಚೆಂದ ಕಾಣಬೇಕೆಂದು ಶನಿವಾರ ಶನಿವಾರ ಮೀಸೆಗೆ ಡೈ ಹಾಕುತ್ತಿದ್ದರಂತೆ. ಗೋಣಿಕೊಪ್ಪಲಿನ ನಮ್ಮ ಮನೆ ಗೇಟಿನಲ್ಲೇ ನಮ್ಮನ್ನು ಇಳಿಸಿ ಜೀಪು ತಿರುಗಿಸಿಕೊಂಡು ಹೋದರು. ಅತ್ತೆಗೆ ನಾನು ಹೇಳಲಿಲ್ಲ. ಹೇಳಿದರೆ ಅವರ ಮಾತೇ ನಿಜವಾಗುತ್ತಿತ್ತು. ಅಪ್ಪ ಇನ್ನು ಈ ಕಡೆ ಬರುತ್ತಾರೋ ಇಲ್ಲವೋ ಎಂದು ವಾರವಿಡೀ ದಿನ ಎಣಿಸಿದೆ.

ಭಾನುವಾರ ಬಂದರು. ಗೇಟಿನ ಹತ್ತಿರ ಅವರನ್ನು ಕಂಡದ್ದೇ ಅತ್ತೆ ಕೈಯ ಮೊರ ಕೆಳಗಿಟ್ಟು ಎದ್ದು ನಿಂತರು. ನಮ್ಮವರಲ್ಲಿ ಗಂಡಸು ಮೀಸೆ ತೆಗೆಯುವುದು ಮನೆಯಲ್ಲಿ ಸಾವಾದರೆ ಮಾತ್ರ.

"ಯಾರು ಹೋದದ್ದು?" ಅತ್ತೆ ಕೇಳಿದರು.

"ಯಾರೂ ಹೋಗ್ಲಿಲ್ಲ. ಮೀಸೆ ಬಣ್ಣ ಮಗೂಗೆ ಆಗುದಿಲ್ಲಂತೆ," ಎಂದರು ಅಪ್ಪ.

ಅಪ್ಪ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಲ್ಲೇ ನಿಂತಿದ್ದರು, ಅಂಗಳಕ್ಕೂ ಕಾಲಿಡಲಿಲ್ಲ. ಅತ್ತೆ ನನ್ನ ಸೊಂಟದಿಂದ ಮಗಳನ್ನು ಎತ್ತಿಕೊಂಡು ಗೇಟಿನವರೆಗೆ ನಡೆದುಹೋಗಿ ಅಪ್ಪನ ಕೈಗೆ ಕೊಟ್ಟರು.