ಮಾರ್ತಮ್ಮನವರ ಹೆದರಿಕೆ

ದೇವರನ್ನು ಅಷ್ಟು ನಂಬಿದವರು ಅಷ್ಟೊಂದು ಹೆದರುವುದನ್ನು ನಾನು ಮಾರ್ತಮ್ಮನವರಲ್ಲಿ ಮಾತ್ರ ಕಂಡೆ. ಜೀಪು ಹತ್ತಿದ ಕೂಡಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಶುರು ಮಾಡುತ್ತಿದ್ದರು: “ಕರ್ತನೇ, ಮುಂದಿನ ಗಾಲಿ ಕಾಯಿ. ಹಿಂದಿನ ಗಾಲಿ ಕಾಯಿ. ಬ್ರೇಕಿನ ಎಣ್ಣಿ ಸೋರದಂಗ ನೋಡಿಕೊ. ಸ್ಟೇರಿಂಗಿನ ಬೋಲ್ಟು ಬಿಗಿ ಇರಲಿ. ಎದುರು ಬರೋ ಲಾರಿಯಾಂವಗ ನಿದ್ದಿ ಬರದಿರಲಿ. ನಮ್ಮ ದಾನ್ಯಾನ ಸಿಟ್ಟು ಇಳಿಸು. ಆಮೆನ್.”

ದಾನ್ಯಾ ಅಂದರೆ ನಾನು, ದಾನಿಯೇಲಪ್ಪ. ತೊಂಬತ್ತರ ದಶಕದ ಮಾತಿದು. ಕೂಡ್ಲಿಗಿಯಲ್ಲಿ ನಮ್ಮ ಕ್ರೈಸ್ತ ಸಭೆಯವರು ನಡೆಸುತ್ತಿದ್ದ ಸಣ್ಣ ದವಾಖಾನೆಯೊಂದಿತ್ತು. ಮಾರ್ತಮ್ಮ ಅಲ್ಲಿಯ ನರ್ಸು, ನಾನು ಜೀಪಿನ ಡ್ರೈವರು. ಗುಡೇಕೋಟೆಯ ಕಡೆ ಒಂದು ದಿನ, ಹರಪನಹಳ್ಳಿ ದಾಟಿ ಬಾಗಳಿಯವರೆಗೆ ಒಂದು ದಿನ, ಹೀಗೆ ವಾರವೆಲ್ಲ ಹಳ್ಳಿ ಸುತ್ತುವುದು, ಬಸುರಿಯರನ್ನು ನೋಡುವುದು, ಕೂಸುಗಳಿಗೆ ಸೂಜಿ ಹಾಕುವುದು ಅವರ ಕೆಲಸ. ನಾನು ಆರನೆಯ ಕ್ಲಾಸಿಗೇ ಶಾಲೆ ಬಿಟ್ಟು ಕೊಟ್ಟೂರಿನ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಬೆಳೆದವನು. ಯಾರ ಮುಂದೆಯೂ ಕೈಚಾಚದೆ ದುಡಿದು ತಿಂದವನು. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ ನಿಜ, ಉಳಿದ ದಿನ ನನ್ನ ಕೈಯನ್ನೇ ನಂಬುತ್ತಿದ್ದೆ. ಬೆಳಿಗ್ಗೆ ಎದ್ದು ನಾನೇ ಬಿಗಿದ ಬೋಲ್ಟನ್ನು ನನ್ನ ಎದುರಿಗೇ ದೇವರ ಕೈಗೆ ಒಪ್ಪಿಸಿದರೆ ಹೇಗೆ ಸಹಿಸುವುದು?

“ಅಕ್ಕೋರ, ಆ ಬೋಲ್ಟು ನಾನು ಬಿಗದೀನ್ರಿ.”

“ನೀನು ಬಿಗದದ್ದು ಗೊತ್ತೈತಿ. ಅದು ಬಿಗಿ ಇರಬೇಕಲ್ಲಪ.”

“ದೇವರಿಗೆ ಬೋಲ್ಟು ಬಿಗಿಯೋ ಪಾನಾ ಹಿಡಿಯಾಕ ಬರತೈತೇನ್ರಿ?”

“ನಿನ್ನಂಥಾ ಮೊಂಡನ್ನ ಹಿಡದಾನ. ಪಾನಾ ಯಾವ ಲೆಕ್ಕ. ಹೊಂಡು ಇನ್ನ.”

ಅವರಿಗೆ ನಾಯಿ ಕಂಡರೆ ಹೆದರಿಕೆ, ಗುಡುಗಿದರೆ ಹೆದರಿಕೆ, ಕಟ್ಟೆಯಿಲ್ಲದ ಬಾವಿ ಕಂಡರೆ ದೂರದಿಂದಲೇ ಹೆದರಿಕೆ. ದವಾಖಾನೆಗೆ ಬೀಗ ಹಾಕಿ ಜೀಪು ಹತ್ತಿದವರು ಮತ್ತೆ ಇಳಿದು ಹೋಗಿ ಬೀಗ ಜಗ್ಗಿ ನೋಡುವರು. ಕುದಿಸಿದ ಸೂಜಿಯನ್ನೇ ಮತ್ತೆ ಕುದಿಸುವರು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ದಾರಿಯುದ್ದಕ್ಕೂ ನಡೆದೇ ಇರುತ್ತಿತ್ತು. ಹಳ್ಳಿಯ ಹೆಂಗಸರು ಮುಖಕ್ಕೇ ನಗುತ್ತಿದ್ದರು: “ನಮಗೆಲ್ಲ ಔಷಧ ಕೊಡ್ತೀ ನರ್ಸಮ್ಮ, ನಿನ್ನ ಹೆದರಿಕಿಗೆ ಎಲ್ಲೂ ಸಿಗಲಿಲ್ಲೇನು?” ಆದರೆ ಹೆರಿಗೆ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ ಮೇಲೆ ಆ ಕೈ ನಡುಗುತ್ತಿರಲಿಲ್ಲ ಎಂದು ಅದೇ ಹೆಂಗಸರು ಹೇಳುತ್ತಿದ್ದರು.

ಒಮ್ಮೆ ನಾನು ಕೇಳಿಯೇಬಿಟ್ಟೆ. “ಇಷ್ಟು ನಂಬಿಕಿ ಇಟಗೊಂಡು ಇಷ್ಟು ಯಾಕ ಅಂಜತೀರಿ?”

“ಅಂಜಿಕಿ ಇಲ್ಲದಾಂವ ಯಾಕ ಪ್ರಾರ್ಥನಿ ಮಾಡ್ಯಾನು, ದಾನ್ಯಾ? ನೋಡು, ನೀನು ಮಾಡ್ತೀಯೇನು?” ಎಂದರು. ನಾನು ಗೇರು ಬದಲಿಸಿದೆ.

ಗುಡೇಕೋಟೆಯಿಂದ ಬರುವಾಗ ಒಂದು ಸಂಜೆ, ಬೆಳಕಿನ್ನೂ ಇತ್ತು, ತಿರುವಿನಲ್ಲಿ ಕರಡಿಯೊಂದು ರಸ್ತೆಯ ನಡುವೆ ಮನೆಯ ಯಜಮಾನನಂತೆ ಕೂತಿತ್ತು. ಆ ಕಲ್ಲುಗುಡ್ಡಗಳಲ್ಲಿ ಕರಡಿ ಹೊಸದಲ್ಲ. ಆದರೆ ಇದು ಏಳಲೊಲ್ಲದು. ಪಕ್ಕದಿಂದ ಪ್ರಾರ್ಥನೆ ಶುರುವಾಯಿತು: “ಕರ್ತನೇ, ಆ ಕರಡಿಗಿಷ್ಟು ಬುದ್ಧಿ ಕೊಡು. ನನ್ನ ಡ್ರೈವರಿಗೂ ಕೊಡು, ಇಳದು ಕಲ್ಲು ಒಗಿಯಾಕ ಹೋದಾನು.” ನಾನು ಇಳಿಯುವುದರಲ್ಲಿಯೇ ಇದ್ದೆ. ಬಾಗಿಲ ಮೇಲಿನ ಕೈ ತೆಗೆದು ಹಾರನ್ ಒತ್ತಿದೆ. ಕರಡಿ ಎದ್ದು, ನಮ್ಮ ಕಡೆ ಒಮ್ಮೆ ನೋಡಿ, ಪೊದೆಯೊಳಗೆ ಹೋಯಿತು.

“ಹಾರನ್‌ಗೆ ಹೋತ್ರಿ ಅದು,” ಎಂದೆ.

“ಹಾರನ್ ಹೊಡಿ ಅಂತ ನಿನಗ ಹೇಳಿದ್ದು ಯಾರು?”

ಆಮೇಲೆ ಊರು ಬರುವವರೆಗೂ ಇಬ್ಬರೂ ನಗುತ್ತ ಬಂದೆವು. 

ನನ್ನ ಹೆಂಡತಿ ರೂತಿಯ ತವರು ಹಡಗಲಿಯಿಂದ ಆಚೆ, ಹೊಳೆಯ ದಂಡೆಯ ಮಾಗಳ. ಚೊಚ್ಚಿಲ ಹೆರಿಗೆಗೆ ಅವಳವ್ವ ಕರೆದುಕೊಂಡು ಹೋಗಲು ಬಂದಳು. ಇಲ್ಲಿಯೇ ಇರಲಿ ಎಂದು ಮಾರ್ತಮ್ಮ ಎರಡು ಮಾತು ಹೇಳಿ ನೋಡಿದರು. ಮೊದಲ ಹೆರಿಗೆ ಗಂಡನ ಊರಿನಲ್ಲಾದರೆ ತವರಿನವರು ಜನರಿಗೆ ಮುಖ ತೋರಿಸುವುದು ಹೇಗೆ? ರೂತಿ ಹೋದಳು. ಅವಳು ಹೋದ ದಿನದಿಂದ ನಮ್ಮ ಜೀಪಿನ ಪ್ರಾರ್ಥನೆಯಲ್ಲಿ ಗಾಲಿ, ಬ್ರೇಕುಗಳ ಜೊತೆ ರೂತಿಯ ಹೆಸರೂ ಸೇರಿಕೊಂಡಿತು.

ಮಳೆಗಾಲದ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಫೋನ್ ಅಂಗಡಿಯವನು ಬಂದು ಹೇಳಿದ: ರೂತಿ ಹಿಂದಿನ ದಿನದಿಂದ ಹೆರಿಗೆಯ ಬ್ಯಾನೆ ತಿನ್ನುತ್ತಿದ್ದಾಳೆ, ಕೂಸು ಬರುತ್ತಿಲ್ಲ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಮಾರ್ತಮ್ಮ ಏನೂ ಕೇಳದೆ ಚೀಲ ಎತ್ತಿಕೊಂಡು ಬಂದು ಕೂತರು. ಅಂದು ಅವರ ಪ್ರಾರ್ಥನೆ ಮುಗಿಯುವವರೆಗೆ ನಾನು ಕಾಯಲಿಲ್ಲ. ಜೀಪು ಹೊರಟ ಮೇಲೂ ಅವರು ಗೊಣಗುತ್ತಲೇ ಇದ್ದರು. ನನಗೆ ಕೇಳಿಸಿದ್ದು ರೂತಿ, ರೂತಿ ಎಂಬ ಮಾತು ಮಾತ್ರ.

ಕೊಟ್ಟೂರು ದಾಟಿ ಹಡಗಲಿಯ ಒಳದಾರಿ ಹಿಡಿದೆವು. ನಮ್ಮ ತಲೆಯ ಮೇಲೆ ಬಿಸಿಲೇ ಇತ್ತು. ಎಲ್ಲೋ ಮೇಲೆ ಮಳೆಯಾಗಿರಬೇಕು, ದಾರಿಗೆ ಅಡ್ಡವಾದ ಹಳ್ಳ ಕೆಂಪಗೆ ತುಂಬಿ, ತಗ್ಗು ಸೇತುವೆಯ ಮೇಲೆ ಹರಿಯುತ್ತಿತ್ತು. ಇಂಥ ಕಡೆ ನಮ್ಮ ಡ್ರೈವರುಗಳಿಗೆ ಒಂದು ಗುರುತುಂಟು. ಸೇತುವೆಯ ಎರಡೂ ಅಂಚಿಗೆ ಸುಣ್ಣ ಬಳಿದ ಗೂಟಗಲ್ಲುಗಳಿರುತ್ತವೆ. ಅವುಗಳ ತಲೆ ನೀರಿನ ಮೇಲೆ ಕಂಡರೆ ಆಳ ಹೆಚ್ಚಿಲ್ಲ, ನಡುವೆ ಹಿಡಿದು ದಾಟಬಹುದು. ಎಲ್ಲರೂ ಹಾಗೇ ದಾಟುತ್ತಿದ್ದರು. ಕಲ್ಲುಗಳ ತಲೆ ಕಾಣುತ್ತಿದ್ದವು. ನಾನು ಮೊದಲನೆಯ ಗೇರಿಗೆ ಹಾಕಿದೆ.

ಮಾರ್ತಮ್ಮ ಬಾಗಿಲು ತೆಗೆದು ಇಳಿದೇಬಿಟ್ಟರು. ಬಂದು ಜೀಪಿನ ಮುಂದೆ ನಿಂತರು.

“ಬದಿಗೆ ಸರೀರಿ ಅಕ್ಕೋರ. ಕಲ್ಲು ಕಾಣ್ತಾವ.”

“ಕಲ್ಲು ಕಾಣ್ತಾವ, ದಾರಿ ಕಾಣವಲ್ದು.”

“ದೇವರು ಹೇಳ್ಯಾನೇನ್ರಿ ನಿಮಗ, ಹೋಗಬ್ಯಾಡ ಅಂತ?”

ಅವರು ನೀರಿನ ಕಡೆ ನೋಡಿದರು. ಹೂಂ ಎಂದಿದ್ದರೆ ಬಹುಶಃ ಹಟಕ್ಕೇ ನಾನು ಜೀಪು ನುಗ್ಗಿಸಿಯೇಬಿಡುತ್ತಿದ್ದೆ. “ಇಲ್ಲಪ,” ಎಂದರು. “ಆತ ಏನೂ ಹೇಳಿಲ್ಲ. ಕೇಳಾಕತ್ತೀನಿ, ಹೇಳವಲ್ಲ. ನನಗ ಅಂಜಿಕಿ ಆಗೇತಿ, ಅಷ್ಟೇ.”

“ಅಲ್ಲಿ ನನ್ನ ಹೆಂಡ್ತಿ ಸಾಯಾಕತ್ಯಾಳ್ರೀ.”

“ಗೊತ್ತೈತಿ. ಆಕಿಗೆ ಹೆರಿಗಿ ಮಾಡ್ಸೋ ಕೈ ಬೇಕಾಗ್ಯಾವ, ನಮ್ಮ ಹೆಣ ಅಲ್ಲ. ಹಗರಿಬೊಮ್ಮನಹಳ್ಳಿ ಮ್ಯಾಲೆ ಹೋಗೋಣು, ಅಲ್ಲಿ ಎತ್ತರದ ಸೇತುವಿ ಐತಿ. ತಿರಗಸು.”

“ಅದು ಎಷ್ಟು ಸುತ್ತು ಅಂತ ಗೊತ್ತೈತೇನ್ರಿ?”

“ಗೊತ್ತೈತಿ ಅಂದೆನಲ್ಲ.” ಅವರ ತುಟಿ, ಕೈ, ಸೀರೆಯ ನೆರಿಗೆ ಎಲ್ಲ ನಡುಗುತ್ತಿದ್ದವು. ಆದರೆ ಜೀಪಿನ ಮುಂದಿನಿಂದ ಆ ಹೆಂಗಸು ಒಂದು ಹೆಜ್ಜೆ ಸರಿಯಲಿಲ್ಲ. ನಾನು ತಿರುಗಿಸಿದೆ. 

ಮಾಗಳ ಮುಟ್ಟುವಷ್ಟರಲ್ಲಿ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಕೂಸು ಹುಟ್ಟಿತ್ತು, ಗಂಡು. ಅತ್ತಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಗೋಡೆಯ ಬದಿಗೆ ಮಲಗಿಸಿದ್ದರು. ರೂತಿಗೆ ರಕ್ತ ನಿಲ್ಲುತ್ತಿರಲಿಲ್ಲ, ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮಾರ್ತಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಅಂಗಳದಲ್ಲಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದು, “ಆಕಿ ಉಳದಾಳ, ದಾನ್ಯಾ. ಒಂದೀಟು ಗಂಜಿ ಕುಡದ್ಲು,” ಎಂದರು. ಮರುದಿನ ಮಣ್ಣು ಮಾಡಲು ಕೂಸನ್ನು ನಾನೇ ಎತ್ತಿಕೊಂಡು ಹೋದೆ. ಅದಕ್ಕೆ ತೂಕವೇ ಇರಲಿಲ್ಲ.

ರೂತಿ ಎದ್ದು ಕೂರುವವರೆಗೆ ಮಾರ್ತಮ್ಮ ಅಲ್ಲೇ ಉಳಿದರು. ಅವಳನ್ನು ತವರಿನಲ್ಲಿ ಬಿಟ್ಟು ನಾವಿಬ್ಬರೂ ಹೊರಟ ದಿನ, ಜೀಪು ಹತ್ತಿದವರು ಸೆರಗು ಎಳೆದುಕೊಳ್ಳಲಿಲ್ಲ, ಕಣ್ಣು ಮುಚ್ಚಲಿಲ್ಲ. ಸುಮ್ಮನೆ ಕೂತರು. ನಾನು ಕಾದೆ. ಆ ಪ್ರಾರ್ಥನೆಯನ್ನು ಅಷ್ಟು ಹೀಯಾಳಿಸಿದವನಿಗೆ ಅದಿಲ್ಲದೆ ಜೀಪು ಬಿಡಲು ಕೈ ಬರಲಿಲ್ಲ. ಕೊನೆಗೆ ಹಾಗೆಯೇ ಹೊರಟೆ. ಹಡಗಲಿ ದಾಟಿದ ಮೇಲೆ ಸುತ್ತುದಾರಿ ಬಿಟ್ಟು ಒಳದಾರಿಗೆ ತಿರುಗಿಸಿದೆ.

“ನೋಡಬೇಕಾಗೇತಿ ನಿನಗ,” ಎಂದರು.

“ಹೂಂರಿ.”

ಆ ಸೇತುವೆಯನ್ನು ನೋಡಲೇಬೇಕಿತ್ತು. ದಾರಿ ಗಟ್ಟಿಯಾಗಿದ್ದರೆ ಅವತ್ತು ದಾಟಿ ಹೊತ್ತಿಗೆ ಮುಂಚೆ ಮುಟ್ಟುತ್ತಿದ್ದೆವು, ಕೂಸು ಇರುತ್ತಿತ್ತು. ಹಾಗಿದ್ದರೆ ಈ ಹೆಂಗಸಿನ ಮುಖವನ್ನು ಇನ್ನು ನಾನು ಹೇಗೆ ನೋಡುವುದು? ಹಳ್ಳ ಹತ್ತಿರವಾದಂತೆ ಗೇರು ಇಳಿಸುತ್ತ ಹೋದೆ.

ನೀರು ಇಳಿದಿತ್ತು. ಎರಡೂ ಅಂಚಿನ ಗೂಟಗಲ್ಲುಗಳು ಇದ್ದಲ್ಲೇ ನಿಂತಿದ್ದವು. ಅವುಗಳ ನಡುವೆ ದಾರಿ ಇರಲಿಲ್ಲ. ಹಾಸುಗಲ್ಲು ಎದ್ದು ಹೋಗಿ, ನಮ್ಮ ಜೀಪು ಪೂರ್ತಿ ಹಿಡಿಸುವಂಥ ಗುಂಡಿ ಬಿದ್ದು, ತಳದಲ್ಲಿ ಕೆಸರುನೀರು ನಿಂತಿತ್ತು.

ನಾನು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಮಾರ್ತಮ್ಮ ಬಂದು ಗುಂಡಿಯನ್ನು ನೋಡಿದರು. ತಾನು ಗೆದ್ದೆ ಎನ್ನುವ ಗುರುತು ಆ ಮುಖದಲ್ಲಿ ಇರಲಿಲ್ಲ. ಒಂದು ಗೂಟಗಲ್ಲಿನ ಮೇಲೆ ಕೂತು ಅಳಲು ಶುರು ಮಾಡಿದರು.

“ನಮ್ಮನ್ನ ಉಳಿಸ್ಯಾನ. ಕೂಸಿಂದು ನಾನು ಕೇಳಲೇ ಇಲ್ಲ, ದಾನ್ಯಾ. ಗಾಲಿ ಕೇಳಿದೆ, ಹಳ್ಳ ಕೇಳಿದೆ, ರೂತಿ ರೂತಿ ಅಂತ ದಾರಿ ತುಂಬ ಕೇಳಿದೆ. ಕೂಸಿನ ಮಾತೇ ಬಾಯಿಗೆ ಬರಲಿಲ್ಲ ನೋಡು. ಅಂಜಿಕ್ಯಾಗ ಮರತೆ.”

ನನಗೆ ಸಂಕಟದ ಜೊತೆ ಸಿಟ್ಟೂ ಬಂತು. “ಅಕ್ಕೋರ, ನೀವು ಮರತದ್ದಕ್ಕ ಆತನೂ ಮರಿಯಾಂವ ಆಗಿದ್ರ, ನಮ್ಮ ಸಭಿಗೆ ಇವತ್ತೇ ಬೀಗ ಹಾಕಬೇಕ್ರಿ,” ಎಂದೆ. “ಎದ್ದೇಳ್ರಿ.”

ಅವರು ತಲೆಯೆತ್ತಿ ನನ್ನನ್ನು ದಿಟ್ಟಿಸಿದರು. “ಮತ್ತ ಕೂಸು ಯಾಕ ಹೋತು?”

“ನನಗೇನು ಗೊತ್ರಿ. ನಿಮಗ ಗೊತ್ತಿರತೈತಿ ಅಂದಕೊಂಡಿದ್ದೆ.”

“ನನಗೂ ಗೊತ್ತಿಲ್ಲಪ.”

ಆ ಗುಂಡಿ ನೋಡಿದಾಗ ದೇವರು ಕಾಯುತ್ತಾನೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಕೂಸನ್ನು ನೆನೆದಾಗ ಆತ ಹೇಗೆ ಕಾಯುತ್ತಾನೆ ಎಂಬುದು ಒಂದಿಷ್ಟೂ ಅರ್ಥವಾಗಲಿಲ್ಲ. ಇವತ್ತಿಗೂ ನನ್ನ ನಂಬಿಕೆ ಈ ಎರಡನ್ನೂ ಹೊತ್ತುಕೊಂಡೇ ನಡೆಯುತ್ತಿದೆ. ಆವತ್ತು ಜೀಪು ತಿರುಗಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಸುತ್ತು ಹಾಕಿ ಊರು ಸೇರಿದೆವು.

ಎರಡನೆಯ ಬಸಿರಿಗೆ ರೂತಿ ತವರಿಗೆ ಹೋಗಲಿಲ್ಲ. ಮಾರ್ತಮ್ಮ ಅವಳನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡು, ಅವಳು ಕೆಮ್ಮಿದರೂ ಎದ್ದು ಕೂರುತ್ತಿದ್ದರು. ಹೆಣ್ಣು ಕೂಸು, ಹುಟ್ಟುತ್ತಲೇ ಓಣಿಗೆ ಕೇಳುವಂತೆ ಅತ್ತಿತು. ಆಮೇಲೆ ಮಾರ್ತಮ್ಮ ನಿವೃತ್ತರಾಗಿ ಬಳ್ಳಾರಿಯ ತಮ್ಮನ ಮನೆ ಸೇರಿದರು.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಮಾರ್ತಮ್ಮ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಮೂವರೂ ನೋಡಲು ಹೋದೆವು. ಅದೇ ಕೊನೆಯ ಭೇಟಿ. ದೇಹ ಸಣ್ಣದಾಗಿತ್ತು, ಕಣ್ಣಿನ ಗಾಬರಿ ಹಾಗೇ ಇತ್ತು. ಮಗಳನ್ನು ಹತ್ತಿರ ಕರೆದು ಕೈಕಾಲು ಮುಟ್ಟಿ ನೋಡಿದರು. “ಹೊಳಿ ದಂಡಿಗೆ ಬಿಡಬ್ಯಾಡ್ರಿ ಈಕಿನ್ನ. ಮಾಗಳದಾಗ ಮೊಸಳಿ ಅದಾವಂತ,” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ರೂತಿಯ ಕೈಯನ್ನು ಹಿಡಿದುಕೊಂಡೇ ಇದ್ದರು.

“ಮೊದಲಿನಂವಗ ಹೆಸರು ಇಟ್ಟಿರಲಿಲ್ಲಲ್ಲ?” ಎಂದು ಕೇಳಿದರು.

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಕಣ್ಣೇ ಬಿಡದ ಕೂಸಿಗೆ ಯಾರು ಹೆಸರಿಡುತ್ತಾರೆ?

“ಇಟ್ಟೀನ್ರಿ,” ಎಂದಳು ರೂತಿ. “ಸಮುವೇಲ ಅಂತ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ಹೆಸರು ಕೇಳಿದ್ದು ಅಂದೇ. ಮಾರ್ತಮ್ಮ ಅದನ್ನು ಒಮ್ಮೆ ನಿಧಾನವಾಗಿ ಹೇಳಿಕೊಂಡರು. ಆಮೇಲೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿದ್ದವು, ಏನು ಹೇಳುತ್ತಿದ್ದಾರೆಂದು ಕೇಳಿಸುತ್ತಿರಲಿಲ್ಲ. ಊರಿನ ಬಸ್ಸಿಗೆ ಹೊತ್ತಾಗಿತ್ತು. ನಾನು ಅವಸರ ಮಾಡಲಿಲ್ಲ.